ಕಣ್ಣು ಕುಕ್ಕುವ ಬೆಳಕು

ಬೆಳಕನ್ನು ಕಂಡರೆ ಮನುಷ್ಯನಿಗೆ ಎಲ್ಲಿಲ್ಲದ ಅಕ್ಕರೆ. ಮುಸ್ಸಂಜೆಯಾಗುತ್ತಲೇ ಮನೆಯಲ್ಲಿ ದೀಪ ಹಚ್ಚಿ ಕೈಮುಗಿಯುವ ಪದ್ಧತಿ ನಮ್ಮ ನಾಡಿನಲ್ಲಿ ಇಂದಿಗೂ ಉಳಿದಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿತು. ಅದು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ಅಂದಿನಿಂದ ಇಂದಿನವರೆಗೆ, ಬೆಳಕು ಹೆಚ್ಚಿದಷ್ಟೂ ಬಾಳು ಹಸನಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆ ನಂಬಿಕೆ ಬಹುಮಟ್ಟಿಗೆ ನಿಜವೂ ಹೌದು. ಆದರೆ ಬೆಳಕಿಗೂ ಒಂದು ಮಿತಿಯುಂಟು, ಒಂದು ದಿಕ್ಕುಂಟು. ಮಿತಿ ಮೀರಿದ ಬೆಳಕು, ದಿಕ್ಕು ತಪ್ಪಿದ ಬೆಳಕು ಕತ್ತಲೆಗಿಂತಲೂ ಅಪಾಯಕಾರಿಯಾಗಬಲ್ಲದು. ಈ ಮಾತು ವಿಚಿತ್ರವಾಗಿ ತೋರಬಹುದು. ರಾತ್ರಿಯ ವೇಳೆ ನಮ್ಮ ರಸ್ತೆಗಳಲ್ಲಿ ಒಂದು ಮೈಲಿ ನಡೆದು ಬಂದವರಿಗೆ ಇದರ ಅರ್ಥ ಕೂಡಲೇ ಆಗುತ್ತದೆ.

ಎದುರಿನಿಂದ ಬರುವ ವಾಹನದ ಹೆಡ್‌ಲೈಟು ಮುಖದ ಮೇಲೆ ಬಿದ್ದಾಗ ನಮಗೆ ಏನೂ ಕಾಣದಂತಾಗುವುದೇಕೆ? ನಮ್ಮ ಕಣ್ಣಿನ ರಚನೆಯನ್ನು ನೆನಪಿಸಿಕೊಂಡರೆ ಉತ್ತರ ದೊರೆಯುತ್ತದೆ. ಕಣ್ಣಿನ ನಡುವಣ ಪಾಪೆ ಬೆಳಕಿನಲ್ಲಿ ಸುಮಾರು 2 ಮಿಲಿಮೀಟರಿಗೆ ಕುಗ್ಗುತ್ತದೆ. ಕತ್ತಲೆಯಲ್ಲಿ ಎಳೆಯರ ಪಾಪೆ 7–8 ಮಿಲಿಮೀಟರಿನವರೆಗೆ ಹಿಗ್ಗುತ್ತದೆ. ರೆಟಿನಾದಲ್ಲಿ ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳು ಸುಮಾರು 12 ಕೋಟಿ. ಪ್ರಖರ ಬೆಳಕನ್ನೂ ಬಣ್ಣಗಳನ್ನೂ ಗ್ರಹಿಸುವ ಶಂಕುಕೋಶಗಳು ಸುಮಾರು 60 ಲಕ್ಷ. ದಂಡಕೋಶಗಳಲ್ಲಿ ಒಂದು ವರ್ಣದ್ರವ್ಯವಿದೆ. ಅದು ತಯಾರಾಗಲು 'ಎ' ಜೀವಸತ್ವ ಬೇಕು. ಅದರ ಕೊರತೆಯಿಂದಲೇ ಇರುಳುಗುರುಡು ಬರುವುದು. ತೀಕ್ಷ್ಣವಾದ ಬೆಳಕು ಬಿದ್ದಾಗ ಈ ವರ್ಣದ್ರವ್ಯವು ಕ್ಷಣಮಾತ್ರದಲ್ಲಿ ಮಾಸಿಹೋಗುತ್ತದೆ. ಅದು ಮತ್ತೆ ಕೂಡಿಕೊಳ್ಳುವುದು ಮಾತ್ರ ನಿಧಾನ. ಕಣ್ಣು ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಅಷ್ಟೇ ಅಲ್ಲ, ಕಣ್ಣಿನೊಳಗೆ ಹೊಕ್ಕ ಪ್ರಖರ ಬೆಳಕು ಅಲ್ಲಿಯೇ ಚದುರಿ, ನೋಟದ ಮೇಲೆ ಬಿಳಿಯ ತೆರೆಯೊಂದನ್ನು ಎಳೆದಂತೆ ಮಾಡುತ್ತದೆ. ಆ ತೆರೆಯ ಹಿಂದೆ ಮನುಷ್ಯನಿದ್ದರೂ ಕಾಣನು, ಎಮ್ಮೆಯಿದ್ದರೂ ಕಾಣದು. ವಯಸ್ಸಾದವರ ಕಣ್ಣಿನ ಮಸೂರ ಅಷ್ಟು ತಿಳಿಯಾಗಿರುವುದಿಲ್ಲ; ಪೊರೆ ಬರುತ್ತಿದ್ದರಂತೂ ಬೆಳಕು ಇನ್ನಷ್ಟು ಚದುರುತ್ತದೆ. ಆದುದರಿಂದ ಹಿರಿಯರಿಗೆ ಈ ಬಾಧೆ ಅಧಿಕ. ಅವರು ಅದರಿಂದ ಚೇತರಿಸಿಕೊಳ್ಳುವುದೂ ತಡವಾಗಿ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಚಲಿಸುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುತ್ತದೆ. ಅದರ ಚಾಲಕನ ಕಣ್ಣು ಕುಕ್ಕಿ ಮೂರು ಸೆಕೆಂಡುಗಳ ಕಾಲ ಅವನಿಗೆ ದಾರಿ ಸರಿಯಾಗಿ ಕಾಣಲಿಲ್ಲವೆಂದು ಇಟ್ಟುಕೊಳ್ಳಿ. ಅಷ್ಟರಲ್ಲಿ ವಾಹನ 50 ಮೀಟರು ಮುಂದೆ ಹೋಗಿರುತ್ತದೆ. ಹಗಲು ಹೊತ್ತಿನಲ್ಲಿ ಯಾರಾದರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು 50 ಮೀಟರು ವಾಹನ ಓಡಿಸುತ್ತೇನೆಂದರೆ ನಾವು ಅವನನ್ನು ಹುಚ್ಚನೆಂದು ಕರೆಯುತ್ತೇವೆ. ರಾತ್ರಿಯಲ್ಲಿ ಪ್ರತಿನಿತ್ಯ ಸಾವಿರಾರು ಮಂದಿ ಇದೇ ಕೆಲಸವನ್ನು ಮಾಡಬೇಕಾಗಿ ಬಂದಿದೆ. ವ್ಯತ್ಯಾಸವಿಷ್ಟೆ: ಅವರ ಕಣ್ಣಿಗೆ ಬಟ್ಟೆ ಕಟ್ಟಿದವರು ಅವರಲ್ಲ, ಎದುರಿನಿಂದ ಬಂದವರು.

ಈ ಅಪಾಯವನ್ನು ವಾಹನ ತಯಾರಕರು ಅರಿಯದೆ ಇರಲಿಲ್ಲ. ಮೊದಲ ಮೋಟಾರುಗಳಲ್ಲಿ ಕಾರ್ಬೈಡಿನಿಂದ ಹುಟ್ಟುವ ಅನಿಲವನ್ನು ಉರಿಸುವ ದೀಪಗಳಿದ್ದುವು. ಅವುಗಳ ಸ್ಥಾನದಲ್ಲಿ ವಿದ್ಯುದ್ದೀಪಗಳು ಬಂದಂತೆ ಕಣ್ಣು ಕುಕ್ಕುವ ತೊಂದರೆಯೂ ಬೆಳೆಯಿತು. 1920ರ ದಶಕದಲ್ಲಿ ಒಂದೇ ಬಲ್ಬಿನೊಳಗೆ ಎರಡು ತಂತುಗಳನ್ನು ಇರಿಸುವ ಉಪಾಯ ಬಳಕೆಗೆ ಬಂದಿತು. ಒಂದು ತಂತು ದೂರಕ್ಕೆ ಬೆಳಕು ಚೆಲ್ಲುತ್ತದೆ. ಇದನ್ನು ನಾವು ಹೈ ಬೀಮ್ ಎನ್ನುತ್ತೇವೆ. ಇನ್ನೊಂದು, ಬೆಳಕನ್ನು ಕೆಳಕ್ಕೆ ಬಾಗಿಸಿ ಹತ್ತಿರದ ರಸ್ತೆಯನ್ನಷ್ಟೇ ತೋರಿಸುತ್ತದೆ. ಇದನ್ನು ನಮ್ಮ ಚಾಲಕರು 'ಡಿಮ್' ಎನ್ನುತ್ತಾರೆ. ರಸ್ತೆ ಖಾಲಿಯಿದ್ದಾಗ ಮೊದಲನೆಯದು, ಎದುರಿಗೆ ಯಾರಾದರೂ ಬಂದಾಗ ಎರಡನೆಯದು. ನೂರು ವರ್ಷಗಳ ಹಿಂದೆಯೇ ದೊರೆತ ಈ ಪರಿಹಾರವು ಇಂದು ಪ್ರತಿಯೊಂದು ವಾಹನದಲ್ಲಿಯೂ ಇದೆ. ಅದನ್ನು ಬಳಸಲು ಬೇಕಾದುದು ಬೆರಳಿನ ಒಂದು ಚಲನೆ ಮಾತ್ರ. ಉಪಕರಣ ಕೈಯಳತೆಯಲ್ಲಿದ್ದೂ ಕಷ್ಟ ತಪ್ಪಲಿಲ್ಲವೆಂದರೆ, ಕೊರತೆಯಿರುವುದು ಯಂತ್ರದಲ್ಲಿ ಅಲ್ಲ ಎಂದೇ ಹೇಳಬೇಕಾಗುತ್ತದೆ.

ಯಂತ್ರವನ್ನು ಕೆಡಿಸುವವರೂ ಇಲ್ಲದಿಲ್ಲ. ಹೆಡ್‌ಲೈಟೆಂದರೆ ಬಲ್ಬು ಮಾತ್ರವಲ್ಲ. ಅದರ ಹಿಂದಿನ ದರ್ಪಣ, ಮುಂದಿನ ಗಾಜು, ಬಲ್ಬು ಕೂರುವ ಸ್ಥಾನ ಎಲ್ಲವೂ ಒಂದಕ್ಕೊಂದು ಹೊಂದುವಂತೆ ಅಳೆದು ಮಾಡಿದುವು. ಹ್ಯಾಲೊಜೆನ್ ಬಲ್ಬಿಗಾಗಿ ರೂಪಿಸಿದ ಗೂಡಿನೊಳಗೆ ಅಂಗಡಿಯಲ್ಲಿ ಕೊಂಡ ಎಲ್‌ಇಡಿ ದೀಪವನ್ನು ತುರುಕಿದರೆ ಬೆಳಕು ಹುಟ್ಟುವ ಸ್ಥಾನ ತಪ್ಪುತ್ತದೆ. ರಸ್ತೆಯ ಮೇಲೆ ಬೀಳಬೇಕಾದ ಬೆಳಕು ಎಲ್ಲ ಕಡೆಗೂ ಚದುರುತ್ತದೆ. ಹಾಕಿಸಿದವನು ತನ್ನ ಮುಂದೆ ಬೆಳ್ಳಗೆ ಬೆಳಗುವುದನ್ನು ಕಂಡು ಹಿಗ್ಗುತ್ತಾನೆ; ಎದುರಿನವನ ಪಾಡು ಅವನಿಗೆ ತಿಳಿಯದು. ನೀಲಿಯ ಅಂಶ ಹೆಚ್ಚಾಗಿರುವ ಬಿಳಿಯ ಬೆಳಕು ಹಳದಿ ಬೆಳಕಿಗಿಂತ ಕಣ್ಣಿಗೆ ಹೆಚ್ಚು ಕಿರಿಕಿರಿಯನ್ನುಂಟುಮಾಡುತ್ತದೆ. ಇನ್ನು ಹಿಂಭಾಗದಲ್ಲಿ ಮಿತಿಮೀರಿ ಹೊರೆ ಹೇರಿದ ವಾಹನದ ಮೂತಿ ಮೇಲಕ್ಕೆ ಏಳುತ್ತದೆ. ಆಗ ಡಿಮ್ ಮಾಡಿದ ದೀಪವೂ ಎದುರಿನವನ ಕಣ್ಣಿಗೇ ನೇರವಾಗಿ ನಾಟುತ್ತದೆ.

ಹಳ್ಳಿಯ ಶಾಲೆಯೊಂದರಲ್ಲಿ ನಾನು ಉಪಾಧ್ಯಾಯನಾಗಿದ್ದಾಗ ನಡೆದ ಪ್ರಸಂಗವೊಂದನ್ನು ಇಲ್ಲಿ ಹೇಳಬಹುದು. ಪರೀಕ್ಷೆಯ ದಿನಗಳಲ್ಲಿ ಸಂಜೆಯ ಹೊತ್ತು ವಿಶೇಷ ತರಗತಿಗಳನ್ನು ನಡೆಸುತ್ತಿದ್ದೆವು. ಮೂರು ಮೈಲಿ ದೂರದಿಂದ ಸೈಕಲಿನಲ್ಲಿ ಬರುತ್ತಿದ್ದ ಹುಡುಗನೊಬ್ಬ ಒಂದು ದಿನ ಕೈಗೆ ಕಟ್ಟು ಹಾಕಿಸಿಕೊಂಡು ಬಂದನು. ಹಿಂದಿನ ರಾತ್ರಿ ಮನೆಗೆ ಹೋಗುವಾಗ ಮೋರಿಯೊಳಗೆ ಬಿದ್ದಿದ್ದನು. "ಕತ್ತಲೆಯಲ್ಲಿ ನೋಡಿಕೊಂಡು ಹೋಗಬಾರದೇನಪ್ಪ?" ಎಂದು ಕೇಳಿದೆ. ಅವನು, "ಕತ್ತಲೆಯಲ್ಲಿ ನನಗೆ ದಾರಿ ಚೆನ್ನಾಗಿ ಗೊತ್ತು ಸಾರ್. ನಾನು ಬಿದ್ದದ್ದು ಬೆಳಕಿನಲ್ಲಿ" ಎಂದನು. ನಡೆದದ್ದು ಇಷ್ಟೆ. ಲಾರಿಯೊಂದು ಎದುರಿನಿಂದ ಬಂದಿತ್ತು. ಅದರ ದೀಪ ಮುಖಕ್ಕೆ ಹೊಡೆದಾಗ ಅವನಿಗೆ ರಸ್ತೆಯ ಅಂಚು ಕಾಣಲಿಲ್ಲ. ಲಾರಿ ತನ್ನ ಪಾಡಿಗೆ ತಾನು ಹೋಯಿತು. ಅವನಿಗೆ ಅದು ತಾಗಲೂ ಇಲ್ಲ. ತನ್ನಿಂದ ಒಬ್ಬ ಹುಡುಗ ಬಿದ್ದನೆಂಬುದು ಆ ಚಾಲಕನಿಗೆ ಇಂದಿಗೂ ತಿಳಿದಿರಲಾರದು.

ಚಾಲಕರ ಕಡೆಯಿಂದಲೂ ಹೇಳಬಹುದಾದ ಮಾತುಗಳಿವೆ, ಅವನ್ನೂ ಕೇಳಬೇಕು. ನಮ್ಮ ಬಹುಪಾಲು ಹೆದ್ದಾರಿಗಳಲ್ಲಿ ಬೀದಿದೀಪಗಳಿಲ್ಲ. ದನಕರುಗಳು ಅಡ್ಡ ಬರುತ್ತವೆ. ಮಂಡ್ಯದ ಕಡೆಯಾಗಲಿ ಬೆಳಗಾವಿಯ ಕಡೆಯಾಗಲಿ ಕಬ್ಬು ಕಡಿಯುವ ಕಾಲದಲ್ಲಿ ಹಿಂದೀಪವಿಲ್ಲದ ಗಾಡಿಗಳೂ ಟ್ರ್ಯಾಕ್ಟರುಗಳೂ ರಾತ್ರಿಯೆಲ್ಲ ಸಾಲುಗಟ್ಟಿ ಸಾಗುತ್ತವೆ. ಮಳೆಗಾಲದಲ್ಲಿ ಹಳ್ಳ ಯಾವುದು, ನೀರು ಯಾವುದು ತಿಳಿಯುವುದಿಲ್ಲ. ಹೀಗಿರುವಾಗ ಪ್ರಖರವಾದ ದೀಪವಿಲ್ಲದೆ ವಾಹನ ನಡೆಸುವುದು ಹೇಗೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಖಾಲಿ ರಸ್ತೆಯಲ್ಲಿ ಹೈ ಬೀಮನ್ನು ಬಳಸಬಾರದೆಂದು ಯಾರೂ ಹೇಳುವುದಿಲ್ಲ; ಅದಿರುವುದೇ ಅದಕ್ಕಾಗಿ. ಎದುರಿಗೆ ಮತ್ತೊಬ್ಬ ಬಂದಾಗ ಮಾಡಬೇಕಾದುದು ಎರಡು ಕೆಲಸ: ದೀಪವನ್ನು ತಗ್ಗಿಸುವುದು, ಅದರ ಜೊತೆಗೆ ವೇಗವನ್ನೂ ತಗ್ಗಿಸುವುದು. ತಗ್ಗಿಸಿದ ದೀಪ ಸುಮಾರು 50 ಮೀಟರು ದೂರವನ್ನು ತೋರಿಸಬಲ್ಲದಾದರೆ, 50 ಮೀಟರಿನೊಳಗೆ ನಿಲ್ಲಿಸಬಹುದಾದ ವೇಗವೇ ಆ ಹೊತ್ತಿಗೆ ತಕ್ಕ ವೇಗ. ನಾವು ದೀಪವನ್ನು ತಗ್ಗಿಸಲು ಒಪ್ಪದಿರುವುದು ಬಹಳ ಸಲ ವೇಗವನ್ನು ತಗ್ಗಿಸಲು ಮನಸ್ಸಿಲ್ಲದ್ದರಿಂದಲೇ.

ಇನ್ನೊಂದು ವಾದವಿದೆ. "ಎದುರಿನವನು ಡಿಮ್ ಮಾಡಲಿಲ್ಲ, ನಾನೇಕೆ ಮಾಡಲಿ?" ಎಂಬುದು ಅದು. ಹಟಕ್ಕೆ ಹಟ, ಬೆಳಕಿಗೆ ಬೆಳಕು! ಈ ಸೇಡಿನ ಫಲವೇನು? ಒಬ್ಬನು ಕುರುಡಾಗಿದ್ದ ಕಡೆ ಇಬ್ಬರೂ ಕುರುಡಾಗುತ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ಎದುರಾಗಿಯೇ ಧಾವಿಸುತ್ತಿರುತ್ತಾರೆ. ಎದುರಿನವನಿಗೆ ಕಲಿಸಲು ಹೊರಟ ಪಾಠಕ್ಕೆ ತನ್ನ ಪ್ರಾಣವನ್ನೇ ಪಣವಾಗಿಡುವುದು ಜಾಣತನವಲ್ಲ. ಎದುರಿನವನು ತಗ್ಗಿಸದಿದ್ದರೆ ನಮ್ಮ ದೃಷ್ಟಿಯನ್ನು ರಸ್ತೆಯ ಎಡ ಅಂಚಿಗೆ ತಿರುಗಿಸಿ, ವೇಗವನ್ನು ಕುಗ್ಗಿಸಿ, ಅವನನ್ನು ಹೋಗಗೊಡುವುದೇ ವಿವೇಕ.

ನನ್ನ ಅಭಿಪ್ರಾಯದಲ್ಲಿ ಈ ವಿಷಯದ ತಿರುಳು ಇರುವುದು ಇನ್ನೂ ಆಳದಲ್ಲಿ. ಬಸ್ಸಿನವನು ಲಾರಿಗೆ ಡಿಮ್ ಮಾಡುತ್ತಾನೆ. ಲಾರಿಯವನು ಬಸ್ಸಿಗೆ ಮಾಡುತ್ತಾನೆ. ಒಬ್ಬನು ಮಾಡದಿದ್ದರೆ ಇನ್ನೊಬ್ಬನು ದೀಪವನ್ನು ಮಿನುಗಿಸಿ ಕೇಳುತ್ತಾನೆ. ಇದು ಸರಿಸಮಾನರ ನಡುವಣ ಕೊಡುಕೊಳ್ಳುವ ವ್ಯವಹಾರ. ಆದರೆ ಅದೇ ಬಸ್ಸು, ಅದೇ ಲಾರಿ, ಅದೇ ಕಾರು ಸೈಕಲಿನವನಿಗಾಗಿ ದೀಪವನ್ನು ತಗ್ಗಿಸುವುದನ್ನು ಕಾಣುವುದು ಅಪರೂಪ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುವ ಹೆಂಗಸಿಗಾಗಿ, ಹಸುವನ್ನು ಹೊಡೆದುಕೊಂಡು ಬರುವ ಮುದುಕನಿಗಾಗಿ ತಗ್ಗಿಸುವವರು ಎಷ್ಟು ಮಂದಿ? ಇವರ ಬಳಿ ಮಿನುಗಿಸಿ ಕೇಳಲು ದೀಪವಿಲ್ಲ; ಸೇಡು ತೀರಿಸಿಕೊಳ್ಳಲು ಬೆಳಕಿಲ್ಲ. ಆದುದರಿಂದ ಇವರ ಕಣ್ಣು ಕಣ್ಣೇ ಅಲ್ಲವೆಂಬಂತೆ ನಾವು ಸಾಗಿಬಿಡುತ್ತೇವೆ. ತಿರುಗಿ ಬೀಳಬಲ್ಲವನಿಗೆ ತೋರುವ ಮರ್ಯಾದೆಯಲ್ಲಿ ಭಯದ ಪಾಲು ಇದ್ದೇ ಇರುತ್ತದೆ. ಏನನ್ನೂ ಮಾಡಲಾರದವನಿಗೆ ತೋರುವ ಮರ್ಯಾದೆಯೇ ನಿಜವಾದ ಸಭ್ಯತೆ.

ನಮ್ಮ ಕಾನೂನು ಈ ಸೂಕ್ಷ್ಮವನ್ನು ಮರೆತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ದೀಪಗಳಿಗೆ ಸಂಬಂಧಿಸಿದೆ. ದೀಪದಿಂದ 8 ಮೀಟರು ದೂರದಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಕಣ್ಣಿರುವ ಯಾವ ವ್ಯಕ್ತಿಗೂ ಕಣ್ಣು ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರಬೇಕೆಂದು ಅದು ವಿಧಿಸುತ್ತದೆ. ಇಲ್ಲಿ ನಿಯಮವು 'ಚಾಲಕ' ಎನ್ನದೆ 'ವ್ಯಕ್ತಿ' ಎಂದಿರುವುದನ್ನು ಗಮನಿಸಬೇಕು. ಒಂದೂವರೆ ಮೀಟರೆಂದರೆ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ರಸ್ತೆಯ ಅಂಚಿನಲ್ಲಿ ನಿಂತಾಗ ಅವನ ಕಣ್ಣಿರುವ ಎತ್ತರ, ಹೆಚ್ಚುಕಡಮೆ ಅಷ್ಟೇ! 2024ರ ಜುಲೈ ತಿಂಗಳಿನಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ದೀಪಗಳನ್ನು ಅಳವಡಿಸಿದ ವಾಹನಗಳ ವಿರುದ್ಧ ರಾಜ್ಯಾದ್ಯಂತ ಕ್ರಮ ಕೈಗೊಂಡರು. ಇದು ಸ್ವಾಗತಾರ್ಹವಾದ ಕಾರ್ಯ. ಆದರೆ ಪ್ರತಿಯೊಂದು ತಿರುವಿನಲ್ಲಿಯೂ ಪೊಲೀಸಿನವನನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ.

ರಸ್ತೆಯನ್ನು ನಿರ್ಮಿಸುವವರು ಮಾಡಬಹುದಾದ ಸಹಾಯವೂ ಉಂಟು. ಹೆದ್ದಾರಿಗಳ ನಡುವಣ ವಿಭಜಕದಲ್ಲಿ ಕಣಗಿಲೆ, ಕಾಗದದ ಹೂವಿನ ಗಿಡಗಳು ಸಾಲಾಗಿ ಬೆಳೆದಿರುವುದನ್ನು ನೀವು ನೋಡಿರಬಹುದು. ಅವು ಬರಿಯ ಅಲಂಕಾರಕ್ಕಾಗಿ ನೆಟ್ಟ ಗಿಡಗಳಲ್ಲ. ಎದುರು ದಿಕ್ಕಿನ ವಾಹನಗಳ ಬೆಳಕನ್ನು ತಡೆಯುವ ಹಸಿರು ಪರದೆ ಅದು. ಕಣಗಿಲೆ ವಿಷದ ಗಿಡವಾದುದರಿಂದ ದನಗಳು ಅದನ್ನು ಮೇಯುವುದಿಲ್ಲ. ನೀರು ಕಡಮೆಯಾದರೂ ಅದು ಬದುಕುತ್ತದೆ. ಆದರೆ ವಿಭಜಕವೇ ಇಲ್ಲದ ನಮ್ಮ ಹಳ್ಳಿಯ ರಸ್ತೆಗಳಲ್ಲಿ, ಚಾರ್ಮಾಡಿ ಆಗುಂಬೆಗಳಂಥ ಘಟ್ಟದ ಹಾದಿಗಳಲ್ಲಿ, ಆ ಪರದೆಯ ಕೆಲಸವನ್ನು ಚಾಲಕನ ವಿವೇಕವೇ ಮಾಡಬೇಕು.

ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ದಿನವನ್ನು ಮೂರು ಮೂರು ಗಂಟೆಗಳ ಎಂಟು ಭಾಗಗಳಾಗಿ ವಿಂಗಡಿಸಿದರೆ, ಅತಿ ಹೆಚ್ಚು ಅಪಘಾತಗಳು ನಡೆದದ್ದು ಸಂಜೆ ಆರರಿಂದ ರಾತ್ರಿ ಒಂಬತ್ತರವರೆಗಿನ ಅವಧಿಯಲ್ಲಿ. ಇವೆಲ್ಲಕ್ಕೂ ದೀಪಗಳೇ ಕಾರಣವೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಅತಿವೇಗ, ಮದ್ಯಪಾನ, ದಣಿವು, ಕೆಟ್ಟ ರಸ್ತೆ ಹೀಗೆ ಕಾರಣಗಳು ಹಲವು. ಆದರೆ ಜನ ಹೊಲಗದ್ದೆಗಳಿಂದ, ಕಚೇರಿಗಳಿಂದ, ಸಂತೆಯಿಂದ ಮನೆಗೆ ಮರಳುವ ಹೊತ್ತು ಅದು. ಹಗಲು ಕಳೆದು ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತಿರುವ ಹೊತ್ತೂ ಅದೇ. ಅಂಥ ಹೊತ್ತಿನಲ್ಲಿ ಒಬ್ಬರ ಕಣ್ಣಿಗೆ ಇನ್ನೊಬ್ಬರು ಅಡ್ಡಿಯಾಗದಿರುವುದು ಎಲ್ಲರ ಕರ್ತವ್ಯ.

ನೀವು ಇನ್ನೂ ವಾಹನ ನಡೆಸುವ ವಯಸ್ಸಿನವರಲ್ಲ. ಆದರೂ ನೀವು ಮಾಡಬಹುದಾದ ಕೆಲಸಗಳಿವೆ. ಕಾಲುಹಾದಿಯಿಲ್ಲದ ರಸ್ತೆಯಲ್ಲಿ ರಾತ್ರಿ ನಡೆಯುವಾಗ ಎದುರಿನ ವಾಹನಗಳು ಕಾಣುವಂತೆ ಬಲ ಅಂಚಿನಲ್ಲಿ ನಡೆಯಿರಿ. ಬಿಳಿಯ ಅಥವಾ ತಿಳಿಬಣ್ಣದ ಬಟ್ಟೆಯನ್ನು ಧರಿಸಿರಿ. ಸೈಕಲಿನ ಹಿಂದೆ ಕೆಂಪು ಪ್ರತಿಫಲಕವಿರಲಿ. ಮನೆಯ ಎತ್ತಿನ ಗಾಡಿಗೂ ಅದನ್ನು ಹಚ್ಚಿರಿ. ಕೈಯಲ್ಲಿ ಟಾರ್ಚು ಇದ್ದರೆ ನೆಲಕ್ಕೆ ಹಿಡಿಯಿರಿ, ಎದುರಿನವರ ಮುಖಕ್ಕಲ್ಲ. ಮನೆಯ ಹಿರಿಯರು ವಾಹನ ನಡೆಸುವಾಗ ಪಕ್ಕದಲ್ಲಿ ಕುಳಿತಿದ್ದರೆ, "ಅಪ್ಪ, ಎದುರಿಗೆ ಯಾರೋ ಸೈಕಲಿನಲ್ಲಿ ಬರುತ್ತಿದ್ದಾರೆ" ಎಂದು ವಿನಯದಿಂದ ನೆನಪಿಸಿರಿ. ಮಕ್ಕಳ ಇಂಥ ಮಾತಿಗೆ ದಂಡಕ್ಕಿಲ್ಲದ ಬಲವಿದೆ.

ಮುಂದೆ ನಿಮ್ಮಲ್ಲಿ ಬಹುಮಂದಿ ವಾಹನಗಳನ್ನು ನಡೆಸುವಿರಿ. ಇಂದಿನವಕ್ಕಿಂತಲೂ ಪ್ರಖರವಾದ ದೀಪಗಳು ಆಗ ನಿಮ್ಮ ಕೈಯಲ್ಲಿರಬಹುದು. ಬೆಳಕನ್ನು ಹುಟ್ಟಿಸುವುದು ವಿಜ್ಞಾನದ ಕೆಲಸ. ಅದನ್ನು ಎಲ್ಲಿ ತಗ್ಗಿಸಬೇಕೆಂದು ಅರಿಯುವುದು ಮನುಷ್ಯನ ಕೆಲಸ. ರಾತ್ರಿಯ ರಸ್ತೆಯಲ್ಲಿ ಎದುರಾಗುವವರ ಹೆಸರು, ಊರು, ಮುಖ ಯಾವುದೂ ನಮಗೆ ತಿಳಿದಿರುವುದಿಲ್ಲ. ಮತ್ತೊಮ್ಮೆ ನಾವು ಅವರನ್ನು ಕಾಣುವುದೂ ಇಲ್ಲ. ಆದರೂ ಅವರು ಕ್ಷೇಮವಾಗಿ ಮನೆ ಸೇರಲಿ ಎಂದು ಬಯಸಿ ಒಂದು ಬೆರಳನ್ನು ಆಡಿಸುವುದು ಯಾರಿಗೂ ಭಾರವಾಗಬಾರದು.