ಹಾಯಿದೋಣಿಗೆ ಎಷ್ಟು ಡೀಸೆಲ್ ಬೇಕು? ಸೊನ್ನೆ ಅನ್ನೋರಿಗೂ, ಫುಲ್ ಟ್ಯಾಂಕ್ ಅನ್ನೋರಿಗೂ

1/7
ಫೋಟೊದಲ್ಲಿ ಇರೋದು ಖಾಲಿ ಡೀಸೆಲ್ ಕ್ಯಾನ್. ನಮ್ಮ ಕೌಲ್ ಬಜಾರಿನ ಒಂದು ಜೀನ್ಸ್ ಯೂನಿಟ್ ಹಿಂದಿನ ಬಾಗಿಲ ಹತ್ರ ತೆಗೆದಿದ್ದು. ಆದ್ರೆ ಇವತ್ತು ಬರೀತಿರೋದು ಹಡಗಿನ ಬಗ್ಗೆ. ಸ್ವಲ್ಪ ತಾಳ್ಮೆ ಇರ್ಲಿ, ಕೊನೇ ಪೋಸ್ಟಲ್ಲಿ ಈ ಕ್ಯಾನ್ ಹತ್ರನೇ ವಾಪಸ್ ಬರ್ತೀವಿ.

ಐಎನ್‌ಎಸ್‌ವಿ ಕೌಂಡಿನ್ಯ ರೀಲ್ಸ್ ನೀವೂ ನೋಡಿರ್ತೀರಿ. ಅಜಂತಾ ಗುಹೆಯ ಚಿತ್ರ ನೋಡಿ ಕಟ್ಟಿದ, ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗು. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಅದರ ಹಾಯಿ ಮೇಲೆ ಗಂಡಭೇರುಂಡ ಐತೆ, ನಮ್ಮ ರಾಜ್ಯ ಸರ್ಕಾರದ ಲಾಂಛನದಲ್ಲಿ ಇರೋ ಅದೇ ಹಕ್ಕಿ. 2025ರ ಡಿಸೆಂಬರ್ 29ಕ್ಕೆ ಪೋರಬಂದರಿನಿಂದ ಹೊರಟು, 2026ರ ಜನವರಿ 14ಕ್ಕೆ ಮಸ್ಕತ್ ಮುಟ್ಟಿತು. ಇಂಜಿನ್ನೇ ಇಲ್ಲ.

ನನಗೂ ಮೈ ಜುಮ್ ಅಂತು. ಆದ್ರೆ ಅದನ್ನ ಶೇರ್ ಮಾಡಿದ ನಮ್ಮ ಹುಡುಗ್ರು ಕೆಳಗೆ ಹಾಕಿದ ಸಾಲು ನೋಡಿ ತಲೆ ಕೆಟ್ಟಿತು: "ನಿಜವಾದ ಗಂಡಸಿಗೆ ಇಂಜಿನ್ ಬೇಕಿಲ್ಲ, ಒಂದು ಹನಿ ಡೀಸೆಲ್ಲೂ ಬೇಕಿಲ್ಲ."

ಅಣ್ಣಂದಿರೇ, ಇದು ತಪ್ಪು. ಯಾಕೆ ಅಂತ ಲೆಕ್ಕ ಸಮೇತ ಹೇಳ್ತೀನಿ.

2/7
ಮೊದಲು ಕೌಂಡಿನ್ಯಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸೋಣ. ಸುಮಾರು 1,400 ಕಿ.ಮೀ. ದಾರಿ, 16 ದಿನ. ಭಾಗಿಸಿ ನೋಡ್ರಿ: ದಿನಕ್ಕೆ 87 ಕಿ.ಮೀ., ಗಂಟೆಗೆ ಮೂರೂವರೆ ಕಿ.ಮೀ. ಚಿಲ್ಲರೆ. ರಾಯಲ್ ಸರ್ಕಲ್ ಕಡೆಯಿಂದ ನಾವು ಮಾತಾಡ್ಕೊಂಡು ಮನೆಗೆ ನಡೆದು ಬರ್ತೀವಲ್ಲ, ಅದೇ ಸ್ಪೀಡ್. ಹಗಲು ರಾತ್ರಿ ಆ ಸ್ಪೀಡಲ್ಲಿ ಅರಬ್ಬೀ ಸಮುದ್ರ ದಾಟೋದು ಹುಡುಗಾಟ ಅಲ್ಲ.

ಆದ್ರೆ ಅದು ಯಾಕೆ ಇಂಜಿನ್ ಇಲ್ಲದೆ ಹೋಯ್ತು? ಹಳೇ ಕಾಲದ ಜನ ಹೆಂಗೆ ಹೋಗ್ತಿದ್ರು ಅಂತ ಪರೀಕ್ಷೆ ಮಾಡೋಕೆ. ಇಂಜಿನ್ ಇಟ್ಟಿದ್ರೆ ಪರೀಕ್ಷೆಗೆ ಅರ್ಥನೇ ಇರ್ತಿರಲಿಲ್ಲ. ಹಡಗಲ್ಲಿ ಇದ್ದವರು ತರಬೇತಿ ಆದವರು, ಹಿಂದೆ ಇಡೀ ನೌಕಾಪಡೆ ಐತೆ, ಹೊರಡೋ ತಿಂಗಳನ್ನೂ ಗಾಳಿ ನೋಡಿನೇ ಆರಿಸಿದ್ರು.

ಉಪವಾಸ ಮಾಡೋದು ಒಂದು ವ್ರತ. ಅದನ್ನ ನೋಡಿ "ಊಟನೇ ಬೇಡ" ಅನ್ನೋದು ಬೇರೆ. ಕೌಂಡಿನ್ಯ ಮಾಡಿದ್ದು ವ್ರತ. ನೀವು ಹೇಳ್ತಿರೋದು ಎರಡನೇದು.

3/7
ಈಗ ಇನ್ನೊಂದು ಪಾರ್ಟಿ. "ಗಾಳಿ ನಂಬ್ಕೊಂಡು ಯಾರು ಹೋಗ್ತಾರೆ ಗುರು, ಟ್ಯಾಂಕ್ ಫುಲ್ ಮಾಡ್ಸು, ಮೇಲೆ ಹತ್ತು ಕ್ಯಾನ್ ಇಡು" ಅನ್ನೋರು. ಇವರೂ ತಪ್ಪೇ.

ಒಂದು ಸಾಧಾರಣ ಹಾಯಿದೋಣಿ ತಗೊಳ್ರಿ, 35 ಅಡಿ ಉದ್ದದ್ದು. ಅದರಲ್ಲಿ 30 ಎಚ್‌ಪಿ ಆಸುಪಾಸಿನ ಡೀಸೆಲ್ ಇಂಜಿನ್ ಇರುತ್ತೆ. ನಿಧಾನಕ್ಕೆ ಓಡಿಸಿದ್ರೆ ಗಂಟೆಗೆ ಎರಡೂವರೆ ಲೀಟರ್ ಕುಡಿದು 5 ನಾಟ್, ಅಂದ್ರೆ ಗಂಟೆಗೆ ಸುಮಾರು 9 ಕಿ.ಮೀ. ಕೊಡುತ್ತೆ ಅಂತ ಇಟ್ಕೊಳ್ಳೋಣ. ಇದೇ ದೋಣಿಯಲ್ಲಿ ಮಸ್ಕತ್ ತನಕ ಬರೀ ಇಂಜಿನ್ ಮೇಲೆ ಹೋಗಬೇಕು ಅಂದ್ರೆ 150 ಗಂಟೆ, 375 ಲೀಟರ್. ಎಲ್ಲ ಸರಿ ಇದ್ರೆ ಅಷ್ಟು. ಎದುರುಗಾಳಿ, ದೊಡ್ಡ ಅಲೆ ಬಂದ್ರೆ ಅದೂ ಸಾಲಲ್ಲ.

ಅಷ್ಟು ಡೀಸೆಲ್ ತೂಕನೇ 300 ಕೆ.ಜಿ. ಮೇಲಾಗುತ್ತೆ. ತೂಕ ಜಾಸ್ತಿ ಆದ ದೋಣಿ ಸಣ್ಣ ಗಾಳಿಗೆ ಚುರುಕಾಗಿ ಓಡಲ್ಲ. ಓಡಲ್ಲ ಅಂತ ಮತ್ತೆ ಇಂಜಿನ್ ಶುರು ಮಾಡ್ತೀರಿ. ಮೇಲೆ ಕಟ್ಟಿದ ಕ್ಯಾನ್ ಬಿರುಗಾಳೀಲಿ ಬಿಚ್ಚಿಕೊಂಡ್ರೆ ಅದೇ ಒಂದು ಅಪಾಯ. ಡೀಸೆಲ್ಲೂ ವರ್ಷಗಟ್ಟಲೆ ಇಡೋ ಉಪ್ಪಿನಕಾಯಿ ಅಲ್ಲ. ನೀರು ಸೇರುತ್ತೆ, ಗಸಿ ಕಟ್ಟುತ್ತೆ. ಅಲೆಗೆ ದೋಣಿ ಕುಲುಕಿದಾಗ ಆ ಗಸಿ ಎದ್ದು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತೆ. ಇಂಜಿನ್ ಬೇಕೇ ಬೇಕು ಅನ್ನೋ ಹೊತ್ತಿಗೇ ಇಂಜಿನ್ ನಿಲ್ಲುತ್ತೆ.

4/7
ಹಂಗಾದ್ರೆ ಹಾಯಿದೋಣೀಲಿ ಡೀಸೆಲ್ ಇರೋದು ಯಾತಕ್ಕೆ? ದೂರ ಹೋಗೋಕಲ್ಲ. ದೂರ ಹೋಗೋಕೆ ಹಾಯಿ ಐತೆ. ಡೀಸೆಲ್ಲಿಗೆ ನಾಲ್ಕೇ ಕೆಲಸ:

ಒಂದು, ಬಂದರಿನ ಒಳಗೆ ಹೊರಗೆ ಹೋಗೋದು. ಸಂದಿಯಂಥ ಜಾಗದಲ್ಲಿ, ಮೀನಿನ ದೋಣಿಗಳ ನಡುವೆ ಹಾಯಿ ಮೇಲೆ ನಡೆಸ್ತೀನಿ ಅಂದ್ರೆ ಪಕ್ಕದವರ ದೋಣಿಗೆ ಗುದ್ದುತ್ತೀರಿ.
ಎರಡು, ಗಾಳಿ ಸತ್ತಾಗ ಆ ಜಾಗದಿಂದ ಆಚೆ ಬರೋದು.
ಮೂರು, ಬ್ಯಾಟರಿ. ರಾತ್ರಿ ದೀಪಕ್ಕೆ, ರೇಡಿಯೋಗೆ ಕರೆಂಟ್ ಬೇಕು. ಸೋಲಾರ್ ಇದ್ರೆ ಈ ಖರ್ಚು ತುಂಬಾ ಇಳಿಯುತ್ತೆ.
ನಾಲ್ಕು, ಕೆಟ್ಟ ಗಳಿಗೆ. ಹಾಯಿಕಂಬ ಮುರಿಯಿತು, ಯಾರೋ ನೀರಿಗೆ ಬಿದ್ದರು, ಗಾಳಿ ನಿಮ್ಮನ್ನ ಬಂಡೆ ಕಡೆಗೆ ತಳ್ಳುತ್ತಿದೆ.

ಕಂಬ ಮುರಿಯೋದು ಕತೆ ಅಲ್ಲ. 2018ರ ಸೆಪ್ಟೆಂಬರಲ್ಲಿ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಒಬ್ಬರೇ ಹೋಗ್ತಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಅವರ ದೋಣಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಉರುಳಿ ಕಂಬ ಮುರೀತು. ಬೆನ್ನಿಗೆ ಪೆಟ್ಟಾಗಿ ಏಳೋಕೂ ಆಗಲಿಲ್ಲ. ಫ್ರಾನ್ಸಿನ ಒಂದು ಹಡಗು ಬಂದು ಕಾಪಾಡಿತು. ಅವರಿಗಿಂತ ಗಂಡೆದೆ ಯಾರದ್ದು ಹೇಳ್ರಿ? ಅಂಥವರ ಹಾಯಿನೂ ಒಂದು ದಿನ ಕೈ ಕೊಡ್ತು.

5/7
ಈಗ ಲೆಕ್ಕ. ಬಿಕಾಂ ಮಾಡೋರಿಗೆ ಇದು ಹೊಸದಲ್ಲ. ಕಾಸ್ಟ್ ಅಕೌಂಟಿಂಗಲ್ಲಿ ರೀ-ಆರ್ಡರ್ ಲೆವೆಲ್ ಅಂತ ಓದಿದ್ವಲ್ಲ? ಮ್ಯಾಕ್ಸಿಮಮ್ ಬಳಕೆ ಗುಣಿಸು ಮ್ಯಾಕ್ಸಿಮಮ್ ಕಾಯೋ ಅವಧಿ. ಮಾಮೂಲಿ ಬಳಕೆ ಅಲ್ಲ, ಮ್ಯಾಕ್ಸಿಮಮ್. ಸ್ಟಾಕ್ ಕೆಟ್ಟ ದಿನಕ್ಕೆ ಸಾಕಾಗಬೇಕು, ಒಳ್ಳೇ ದಿನಕ್ಕಲ್ಲ.

ಮಂಗಳೂರಿಂದ ಕಾರವಾರಕ್ಕೆ ಅದೇ 35 ಅಡಿ ದೋಣಿ ಹೊರಡುತ್ತೆ ಅನ್ನಿ. ತಿಂಗಳು ಜನವರಿ. ದೂರ ಸುಮಾರು 125 ನಾಟಿಕಲ್ ಮೈಲಿ. ನಡುವೆ ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ ಅಂತ ಬಂದರುಗಳು ಸಾಲಾಗಿ ಅವೆ.

ಬಂದರಿನ ಒಳಗೆ ಹೊರಗೆ: 4 ಗಂಟೆ × 2.5 = 10 ಲೀಟರ್.
ಗಾಳಿ ಇಲ್ಲದ ಹೊತ್ತು: 8 ಗಂಟೆ × 2.5 = 20 ಲೀಟರ್. ಈ ಕಾಲದಲ್ಲಿ ಮಧ್ಯಾಹ್ನ ಕಡಲ ಗಾಳಿ, ರಾತ್ರಿ ನೆಲದ ಗಾಳಿ ಬೀಸುತ್ತೆ. ಎರಡರ ನಡುವೆ ಸುಮ್ಮನೆ ನಿಂತುಬಿಡುತ್ತೆ.
ಕೆಟ್ಟ ಗಳಿಗೆ: ಹತ್ತಿರದ ಬಂದರಿಗೆ 6 ಗಂಟೆ, ಎದುರಲೆಗೆ ಜೋರಾಗಿ ಓಡಿಸಬೇಕು ಅಂತ ಗಂಟೆಗೆ 4 ಲೀಟರ್ ಹಿಡೀರಿ = 24 ಲೀಟರ್.

ಒಟ್ಟು 54. ಟ್ಯಾಂಕಿನ ತಳದ ಡೀಸೆಲ್ ಪೂರ್ತಿ ಸಿಗಲ್ಲ, ದೋಣಿ ವಾಲಿದಾಗ ಪೈಪಿಗೆ ಗಾಳಿ ಎಳ್ಕೊಳ್ಳುತ್ತೆ. ಅದಕ್ಕೆ ಇನ್ನೊಂದು ಹತ್ತು ಲೀಟರ್ ಸೇರಿಸಿ. ಸುಮಾರು 65 ಲೀಟರ್.

ಸೊನ್ನೆನೂ ಅಲ್ಲ, 375ನೂ ಅಲ್ಲ. ದಾರಿ ಬದಲಾದ್ರೆ ಲೆಕ್ಕನೂ ಬದಲಾಗುತ್ತೆ. ಬಂದರು ದೂರ ಆದಷ್ಟು ಕೊನೇ ಸಾಲು ಬೆಳೆಯುತ್ತೆ. ಆದ್ರೆ ಆ ಕೊನೇ ಸಾಲು, 24 ಲೀಟರ್, ಅದನ್ನ ಮುಟ್ಟಬಾರದು. "ಬೇಗ ಹೋಗಿ ಊಟ ಮಾಡೋಣ" ಅಂತ ಮುಟ್ಟಬಾರದು. ಸ್ಪೀಡ್ ಸ್ವಲ್ಪ ಇಳಿಸಿದ್ರೆ ಡೀಸೆಲ್ ತುಂಬಾ ಉಳಿಯುತ್ತೆ, ಇಳಿಸ್ರಿ.

6/7
"ನನ್ನ ದೋಣಿ, ನನ್ನ ಜೀವ, ನನ್ನಿಷ್ಟ" ಅನ್ನೋರಿಗೆ ಒಂದು ಘಟನೆ.

ಗೋಲ್ಡನ್ ಗ್ಲೋಬ್ ರೇಸ್, ನವೆಂಬರ್ 2022. ಒಬ್ಬರೇ, ನಿಲ್ಲದೆ, ಹಳೇ ಕಾಲದ ಉಪಕರಣಗಳಲ್ಲಿ ಭೂಮಿ ಸುತ್ತೋ ಓಟ. ಇಂಜಿನ್ ಬಳಸೋಕೆ ಮಿತಿ ಐತೆ. ಫಿನ್‌ಲೆಂಡಿನ ತಾಪಿಯೊ ಲೆಹ್ಟಿನೆನ್ ಅವರ ದೋಣಿ ದಕ್ಷಿಣ ಆಫ್ರಿಕಾದಿಂದ ಆಚೆ ಹಠಾತ್ತನೆ ಮುಳುಗಿತು. ಅವರು ರಬ್ಬರ್ ತೆಪ್ಪದಲ್ಲಿ ಕೂತಿದ್ರು. ಅದೇ ಓಟದಲ್ಲಿದ್ದ ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ದಾರಿ ಬದಲಿಸಿ ಹೋಗಿ ಅವರನ್ನ ಎತ್ತಿಕೊಂಡರು, ಅಲ್ಲಿಗೆ ಬಂದ ಸರಕು ಹಡಗಿಗೆ ಹತ್ತಿಸಿದರು, ಮತ್ತೆ ಓಟ ಮುಂದುವರಿಸಿದರು. ಸಂಘಟಕರು ಆ ಕೆಲಸಕ್ಕೆ ಆಕೆಯ ಲೆಕ್ಕಕ್ಕೆ 35 ಗಂಟೆ ಸಮಯ ಮತ್ತು 30 ಲೀಟರ್ ಇಂಧನ ವಾಪಸ್ ಹಾಕಿದರು. 2023ರ ಏಪ್ರಿಲಲ್ಲಿ ಆಕೆ ಗೆದ್ದರು. ಎರಡನೇ ಸ್ಥಾನ ನಮ್ಮ ಅಭಿಲಾಷ್ ಟಾಮಿ ಅವರದ್ದೇ, ಬೆನ್ನು ಸರಿ ಮಾಡ್ಕೊಂಡು ಮತ್ತೆ ಬಂದಿದ್ರು.

ಆ 30 ಲೀಟರ್ ನೆನಪಿಟ್ಕೊಳ್ರಿ. ಹಾಯಿದೋಣಿಯಲ್ಲಿ ಉಳಿಸಿದ ಡೀಸೆಲ್ ಒಮ್ಮೊಮ್ಮೆ ನಿಮ್ಮದಲ್ಲ. ನೀವು ಇನ್ನೂ ನೋಡೇ ಇಲ್ಲದ, ಎಲ್ಲೋ ನೀರಲ್ಲಿ ಕೂತಿರೋ ಒಬ್ಬರದು.

7/7
ಈಗ ಕ್ಯಾನಿಗೆ ಬರೋಣ.

ಸಂಜೆ ಹೊತ್ತು ನಾನೊಂದು ಜೀನ್ಸ್ ಯೂನಿಟ್ಟಲ್ಲಿ ಲೆಕ್ಕ ಬರೀತೀನಿ. ಹೆಸರು ಬೇಡ. ಅಲ್ಲಿ ಜನರೇಟರ್ ಐತೆ, ಗಂಟೆಗೆ ಮೂರು ಲೀಟರ್ ಕುಡಿಯುತ್ತೆ. ಕ್ಯಾನಲ್ಲಿ ಯಾವಾಗಲೂ ಐದೇ ಲೀಟರ್. "ಇನ್ನೊಂದು ಕ್ಯಾನ್ ಇಡೋಣ ಸಾರ್" ಅಂತ ಎರಡು ಸಲ ಹೇಳಿದ್ದೆ. "ಈಗೇನ್ ಕರೆಂಟ್ ಹೋಗುತ್ತೇನಪ್ಪ, ಸುಮ್ನೆ ದುಡ್ಡು ಕೊಳೆ ಹಾಕೋದು" ಅಂದ್ರು ಮಾಲೀಕರು.

ಒಂದು ಸಂಜೆ ಏಳಕ್ಕೆ ಕರೆಂಟ್ ಹೋಯ್ತು. ಎಂಟೂವರೆಗೆ ಡೀಸೆಲ್ ಮುಗೀತು. ಬಂಕಿಗೆ ಓಡಿದೆ, ಪ್ಲಾಸ್ಟಿಕ್ ಕ್ಯಾನಿಗೆ ಹಾಕಲ್ಲ ಅಂದ್ರು. ಅವರು ಹೇಳಿದ್ದೂ ಸರೀನೇ. ಕಬ್ಬಿಣದ ಡಬ್ಬ ಹುಡುಕಿ ತರೋ ಹೊತ್ತಿಗೆ ಹತ್ತು ದಾಟಿತ್ತು. ಅಷ್ಟರಲ್ಲಿ ಹೊಲಿಯೋರು ಮೊಬೈಲ್ ಟಾರ್ಚ್ ಹಾಕ್ಕೊಂಡು ಮನೆಗೆ ಹೊರಟಿದ್ರು. ಎಲ್ಲರದೂ ಪೀಸ್ ಲೆಕ್ಕ. ಒಬ್ಬ ಆಪಾ ಚಪ್ಪಲಿ ಹಾಕ್ಕೊಳ್ತಾ ಹೇಳಿದ್ರು: "ಮಿಷನ್ ನಿಂತ್ರೆ ನಮ್ ಕೂಲಿನೂ ನಿಂತಂಗೆ ಬೇಟಾ." ಆ ವಾರದ ಕೂಲಿ ಪುಸ್ತಕ ಬರೆದವನು ನಾನೇ. ಆ ದಿನದ ಕಾಲಮ್ಮಲ್ಲಿ ಅವರ ಹೆಸರಿನ ಮುಂದೆ ಸಣ್ಣ ಅಂಕಿ ಬರೆಯೋಕೆ ಕೈ ಬರಲಿಲ್ಲ, ಆದ್ರೂ ಬರೆದೆ. ಮಾಲೀಕರ ಆರ್ಡರ್ ಮಾತ್ರ ಎರಡು ದಿನ ತಡವಾಗಿ ಹೋಯ್ತು, ಅಷ್ಟೇ.

ಅದಕ್ಕೇ "ಒಂದು ಹನಿನೂ ಬೇಕಿಲ್ಲ" ಅನ್ನೋ ಸಾಲು ನೋಡಿದ್ರೆ ನನಗೆ ಉರಿಯುತ್ತೆ. ಎಷ್ಟು ಡೀಸೆಲ್ ಇಡಬೇಕು ಅಂತ ತೀರ್ಮಾನ ಮಾಡೋರು ಒಬ್ಬರು, ಅದು ಮುಗಿದಾಗ ಕತ್ತಲಲ್ಲಿ ಕೂರೋರು ಇನ್ನೊಬ್ಬರು. ದೋಣೀಲೂ ಹಂಗೇ, ಯೂನಿಟ್ಟಲ್ಲೂ ಹಂಗೇ, ರಾತ್ರಿ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಾದಾಗ ರಿಸರ್ವ್‌ಗೆ ಬಂದಿರೋ ನಿಮ್ಮ ಬೈಕಲ್ಲೂ ಹಂಗೇ.

ನೀವು ಒಬ್ಬರೇ ಹೋಗ್ತೀರಾ, ತರಬೇತಿ ಐತಾ, ಸೊನ್ನೆ ಡೀಸೆಲ್ ನಿಮ್ಮ ವ್ರತನಾ? ಹೋಗ್ರಿ, ಕೈ ಮುಗೀತೀನಿ. ಆದ್ರೆ ದೋಣೀಲಿ ಇನ್ನೊಬ್ಬರು ಕೂತಿದ್ರೆ, ಹೊರಡೋ ಮೊದಲು ಒಂದು ಹಾಳೆ ತಗೊಂಡು ಆ ಮೂರು ಸಾಲು ಗುಣಿಸ್ರಿ. ಕೊನೇ ಸಾಲಲ್ಲಿ ಅವರನ್ನ ಕೇಳಿ ಬರೀರಿ.

ಬೇರೆ ಲೆಕ್ಕ ಇದ್ರೆ ಕಾಮೆಂಟಲ್ಲಿ ಹಾಕ್ರಿ. ಲೆಕ್ಕ ಮಾತ್ರ, ಡೈಲಾಗ್ ಬೇಡ. ಯೂನಿಟ್ಟಲ್ಲಿ ಈಗ ಎರಡು ಕಬ್ಬಿಣದ ಡಬ್ಬ ಅವೆ. ಫೋಟೊದಲ್ಲಿರೋ ಹಳೇ ಕ್ಯಾನ್ ಇನ್ನೂ ಬಾಗಿಲ ಹತ್ರನೇ ಬಿದ್ದೈತೆ, ನಾನೇ ಎಸೆದಿಲ್ಲ.

#ಕೌಲ್‌ಬಜಾರ್ #ಬಳ್ಳಾರಿ #ಹಾಯಿದೋಣಿ #ಕೌಂಡಿನ್ಯ #ಬಿಕಾಂಲೆಕ್ಕ