ಈಗ ಯಾರನ್ನ ಬಯ್ಯೋದು?

ನಮ್ಮ ಬೀದಿಯ ಪಾರ್ಕಿನಲ್ಲೊಂದು ಸಿಮೆಂಟ್ ಬೆಂಚಿದೆ. ಬೆನ್ನಿಗೆ ಹಳೇ ಕಾರ್ಪೊರೇಟರ್ ಹೆಸರು, ಕೆಳಗೆ ವಾರ್ಡ್ ನಂಬರು. ಬಣ್ಣ ಉದುರಿ ಈಗ ‘ಮಾನ್ಯ’ ಅನ್ನುವುದಷ್ಟೇ ಉಳಿದಿದೆ. ಮಳೆಗಾಲದಲ್ಲಿ ಮೋರಿ ನೀರು ಮನೆಗೆ ನುಗ್ಗಿದ ಮಾರನೇ ದಿನ ಪಕ್ಕದ ಮನೆ ಅಜ್ಜಿ ಆ ಬೆಂಚಿನ ಮೇಲೆ ಕೂತು, “ಮುಂಚೆ ಅವನ ಮನೆ ಗೇಟಿಗೇ ಹೋಗಿ ಬಯ್ದು ಬರ್ತಿದ್ದೆ ಕಣಪ್ಪ. ಈಗ ಯಾರನ್ನ ಬಯ್ಯೋದು?” ಅಂದರು. ಅಷ್ಟೊತ್ತಿಗೆ ನಾನು ಮೂರು ಕಡೆ ಫೋನು ಮಾಡಿ ಸುಸ್ತಾಗಿದ್ದೆ. ಮೂರೂ ಕಡೆ ಒಂದೇ ಮಾತು: “ಅದು ನಮ್ಮ ಲಿಮಿಟ್ಸ್‌ಗೆ ಬರಲ್ಲ ಸಾರ್.”

ಬೆಂಗಳೂರಿನವರೇ, ಅಜ್ಜಿಗೆ ಏನು ಉತ್ತರ ಹೇಳೋಣ? 2015ರಲ್ಲಿ ನಾವು ಆರಿಸಿದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕೆಂದು ಸಂವಿಧಾನವೇ ಹೇಳುತ್ತದೆ. ವಾರ್ಡುಗಳು 198 ಇದ್ದದ್ದು 243 ಆದವು, ಆಮೇಲೆ 225 ಆದವು. ಚುನಾವಣೆ ಮಾತ್ರ ಆಗಲಿಲ್ಲ. ಒಂದು ಇಡೀ ಕೌನ್ಸಿಲಿನ ಆಯಸ್ಸು ಆಡಳಿತಾಧಿಕಾರಿಗಳ ಸಹಿಯಲ್ಲೇ ಕಳೆಯಿತು.

2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ, ಅಂದರೆ ಬಿಬಿಎಂಪಿಯೇ, ಹೋಯಿತು. ಅದರ ಜಾಗಕ್ಕೆ ಐದು ನಗರ ಪಾಲಿಕೆ, ತಲೆಯ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಒಡೆದದ್ದು ಸರಿಯೋ ತಪ್ಪೋ, ನನಗೂ ಖಾತ್ರಿಯಿಲ್ಲ. ಇಷ್ಟು ದೊಡ್ಡ ಊರನ್ನು ಒಂದೇ ಕಚೇರಿ ಸಂಭಾಳಿಸಲಾರದು ಅನ್ನುವುದರಲ್ಲಿ ಹುರುಳಿದೆ. ಆದರೆ ಯಾರಾದರೂ ನಿಮ್ಮನ್ನು ಕೇಳಿದರೇ? 2007ರಲ್ಲಿ 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿಕೊಂಡಾಗಲೂ ಆ ಹಳ್ಳಿಗಳವರ ಮತ ಕೇಳಲಿಲ್ಲ. ಅವರಿಗಾಗಿಯೇ ರೂಪಿಸಿದ ಕಾವೇರಿ ಐದನೇ ಹಂತದ ಕುಡಿಯುವ ನೀರಿನ ಯೋಜನೆ ಉದ್ಘಾಟನೆಯಾದದ್ದು 2024ರಲ್ಲಿ!

ಕೇಳುವುದೇನೂ ಆಗದ ಹೋಗದ ಮಾತಲ್ಲ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 1972ರ ಸಂವಿಧಾನದ ಪ್ರಕಾರ ಹತ್ತು ವರ್ಷಕ್ಕೊಮ್ಮೆ ಊರೂರಿನ ಮತದಾರರನ್ನು ಕೇಳುತ್ತಾರೆ: ನಿಮ್ಮ ಊರಿನ ಆಡಳಿತ ಪದ್ಧತಿಯನ್ನು ಪರಿಶೀಲಿಸಬೇಕೇ, ಬೇಡವೇ? ಬೇಕೆಂದರೆ ಅಧ್ಯಯನ ಆಯೋಗವನ್ನೂ ಜನರೇ ಆರಿಸುತ್ತಾರೆ. ಆಯೋಗ ಬದಲಾವಣೆ ಸೂಚಿಸಿದರೆ ಅದೂ ಜನರ ಮತಕ್ಕೇ ಬರುತ್ತದೆ. 2024ರಲ್ಲೂ ಕೇಳಿದರು. ಅಲ್ಲಿನ ಎಷ್ಟೋ ಊರುಗಳು ನಮ್ಮ ಒಂದು ಬಡಾವಣೆಯಷ್ಟೂ ಇಲ್ಲ.

ಕಾರ್ಪೊರೇಟರುಗಳೇನು ಸತ್ಯಹರಿಶ್ಚಂದ್ರರಾಗಿದ್ದರೇ ಅಂತ ನೀವು ನಗಬಹುದು. ಇರಲಿಲ್ಲ. ಕಂಟ್ರಾಕ್ಟರ್ ಜೊತೆ ಪಾಲುದಾರಿಕೆ ಇದ್ದವರೂ ಇದ್ದರು. ಆದರೂ ಅವರ ಮನೆಗೊಂದು ಗೇಟಿತ್ತು. ನಮ್ಮ ಪಾಪವೂ ಕಮ್ಮಿಯಿಲ್ಲ: 2015ರ ಪಾಲಿಕೆ ಚುನಾವಣೆಯ ಆ ಶನಿವಾರ ಊರಿನ ಅರ್ಧಕ್ಕರ್ಧ ಮತದಾರರು ಮತಗಟ್ಟೆಯ ಕಡೆ ಸುಳಿಯಲಿಲ್ಲ. ರಜೆ ಸಿಕ್ಕಿತೆಂದು ನಂದಿಬೆಟ್ಟ ಹತ್ತಿದವರಲ್ಲಿ ನಾನೂ ಒಬ್ಬ. ಜನರನ್ನು ಕೇಳದೇ ಹೋದರೂ ನಡೆಯುತ್ತದೆ ಅಂತ ಆಳುವವರಿಗೆ ಕಲಿಸಿಕೊಟ್ಟವರು ನಾವೇ.

ಇನ್ನು ಸಾಕು. ನಿಮ್ಮ ಮನೆ ಯಾವ ಪಾಲಿಕೆಗೆ, ಎಷ್ಟನೇ ವಾರ್ಡಿಗೆ ಸೇರಿದೆ ಅಂತ ಇವತ್ತೇ ನೋಡಿಕೊಳ್ಳಿ. ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಹುಡುಕಿ. ವೋಟು ಕೇಳಲು ಕೈಮುಗಿದುಕೊಂಡು ಬರುವ ಪ್ರತಿಯೊಬ್ಬರನ್ನೂ, ಅವರು ಯಾವ ಪಕ್ಷದವರೇ ಆಗಿರಲಿ, ಗೇಟಿನಲ್ಲೇ ನಿಲ್ಲಿಸಿ ಕೇಳಿ: “ಮುಂದಿನ ಸಲ ಈ ಊರನ್ನು ಒಡೆಯುವುದಕ್ಕೋ ಕೂಡಿಸುವುದಕ್ಕೋ ಮುಂಚೆ ನಮ್ಮ ಮತ ಕೇಳ್ತೀರಾ?” ಪಾಂಪ್ಲೆಟ್ ಕೈಗಿಡಲು ಬರುತ್ತಾರೆ. ಬಾಯಲ್ಲಿ ಉತ್ತರ ಬರುವ ತನಕ ಇಸಕೊಳ್ಳಬೇಡಿ.