ಮೂರನೆಯದು ಬೀಳುವ ಮೊದಲು

2019ರ ಸೆಪ್ಟೆಂಬರ್ 17ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಜೋಡಿ ಚಿಕ್ಕೇನಹಳ್ಳಿಯ ಹೊಲವೊಂದರಲ್ಲಿ ಡಿಆರ್‌ಡಿಒದ ರುಸ್ತುಂ-2 ಡ್ರೋನ್ ಬಿತ್ತು. 2023ರ ಆಗಸ್ಟ್ 20ರಂದು ಅದೇ ಬಗೆಯ ಇನ್ನೊಂದು, ಅಷ್ಟರಲ್ಲಿ ತಪಸ್ ಎಂಬ ಹೆಸರು ಪಡೆದಿದ್ದು, ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೆ ಬಿದ್ದು ಚೂರಾಯಿತು. ಎರಡು ಸಲವೂ ಯಾರಿಗೂ ಗಾಯವಾಗಲಿಲ್ಲ. ಎರಡು ಸಲವೂ ಸುತ್ತಲಿನ ಜನ ಬಿದ್ದದ್ದರ ಕಡೆಗೇ ಓಡಿದರು, ಸುತ್ತ ನೆರೆದರು, ಮೊಬೈಲ್ ತೆಗೆದು ವಿಡಿಯೋ ಮಾಡಿಕೊಂಡರು.

ಜನರನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ಇಪ್ಪತ್ತು ಮೀಟರ್ ಅಗಲದ ರೆಕ್ಕೆಯ ವಿಮಾನ ಕಣ್ಣೆದುರು ಹೊಲಕ್ಕೆ ಬಿದ್ದರೆ ಒಳಗೆ ಮನುಷ್ಯರಿದ್ದಾರೇನೋ ಎಂದು ಓಡುವುದು ಸಹಜ, ಒಳ್ಳೆಯ ಗುಣವೂ ಹೌದು. ಅದು ಮನುಷ್ಯರಿಲ್ಲದ ವಿಮಾನ, ಅದರಲ್ಲಿ ಇಂಧನ ಮತ್ತು ಬ್ಯಾಟರಿ ಇರುತ್ತವೆ, ಅದರ ಮೈಯ ನಾರು ಸುಟ್ಟ ಹೊಗೆ ಕುಡಿಯಬಾರದು, ಚೂರನ್ನು ಮುಟ್ಟಬಾರದು ಎಂಬುದು ಓಡುವ ಮೊದಲೇ ಗೊತ್ತಿರಬೇಕಾದ ಮಾತು. ಬಿದ್ದ ಮೇಲೆ ಪೊಲೀಸರು ಬಂದು ಹಗ್ಗ ಕಟ್ಟಿ ಹೇಳಿದರೆ ಅದು ಎಚ್ಚರಿಕೆ ಅಲ್ಲ, ಗದರಿಕೆ.

ಇನ್ನೊಂದು ಬೀಳುತ್ತದೆಯೇ? ಪರೀಕ್ಷೆಗೆಂದು ಹಾರುವ ಯಂತ್ರಗಳಲ್ಲಿ ಕೆಲವು ಬಿದ್ದೇ ಬೀಳುತ್ತವೆ. ಅದು ವಿಜ್ಞಾನಿಗಳ ತಪ್ಪಲ್ಲ, ಅವರ ಕೆಲಸದ ಸ್ವಭಾವ. ಊರು ವಿರಳವಾಗಿರುವ ಬಯಲನ್ನು ಆರಿಸಿಕೊಂಡದ್ದೂ ಅದಕ್ಕಾಗಿಯೇ. 2017ರ ಮೇ 28ರಂದು ಅರುಣ್ ಜೇಟ್ಲಿ ಉದ್ಘಾಟಿಸಿದ ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯ ಅಂದಿನಿಂದ ಸುಮ್ಮನೆ ಕೂತಿಲ್ಲ. 2022ರ ಜುಲೈನಲ್ಲಿ ಬಾಲವಿಲ್ಲದ, ಬರೀ ರೆಕ್ಕೆಯಾಕಾರದ ವಿಮಾನ ಇಲ್ಲಿ ಮೊದಲ ಸಲ ಹಾರಿತು. 2023ರ ಏಪ್ರಿಲ್ 2ರ ಬೆಳಗ್ಗೆ ಇಸ್ರೋ ತನ್ನ ಮರುಬಳಕೆ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ತಾನಾಗಿ ರನ್‌ವೇ ಹುಡುಕಿಕೊಂಡು ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಸಲ ಇದೇ ಪ್ರಯೋಗ ನಡೆಯಿತು. ಮೂರೂ ಯಶಸ್ವಿ. ದೇಶಕ್ಕೆ ಹೆಮ್ಮೆಯ ಸಂಗತಿ, ಚಳ್ಳಕೆರೆಗೂ. ಮೇಲಿನ ಹಾರಾಟ ಹೆಚ್ಚುತ್ತಿದೆ ಎಂದಮೇಲೆ ಕೆಳಗಿನ ಮಾತೂ ಹೆಚ್ಚಬೇಕಿತ್ತು. ಅದು ನಡೆದಿದೆಯೇ ಎಂದು ತಿಳಿಯಲು ಸಮೀಕ್ಷೆ ಬೇಕಿಲ್ಲ. ಪರೀಕ್ಷಾ ವಲಯದಂಚಿನ ಯಾವುದಾದರೂ ಹಟ್ಟಿಗೆ ಹೋಗಿ, ‘ಹೊಲದಲ್ಲಿ ವಿಮಾನ ಬಿದ್ದರೆ ಏನು ಮಾಡ್ತೀರಿ?’ ಎಂದು ಕೇಳಿದರೆ ಸಾಕು.

ಇದೇ ಡಿಆರ್‌ಡಿಒಗೆ ಬೇರೆ ಕಡೆ ಈ ಕೆಲಸ ಚೆನ್ನಾಗಿ ಗೊತ್ತು. ಒಡಿಶಾದ ಬಾಲಸೋರ್ ಜಿಲ್ಲೆಯ ಚಾಂದೀಪುರದಲ್ಲಿ ಕ್ಷಿಪಣಿ ಹಾರಿಸುವ ಮೊದಲು ಜಿಲ್ಲಾಡಳಿತ ಸುತ್ತಲಿನ ಹಳ್ಳಿಗಳಿಗೆ ಮುಂಚಿತವಾಗಿ ತಿಳಿಸುತ್ತದೆ, ಜನರನ್ನು ಆ ಹೊತ್ತಿನ ಮಟ್ಟಿಗೆ ಬೇರೆಡೆ ಕರೆದೊಯ್ಯುತ್ತದೆ, ಕೆಲಸ ಕೆಟ್ಟದ್ದಕ್ಕೆ ತಲೆಗಿಷ್ಟು ಎಂದು ಪರಿಹಾರವನ್ನೂ ಕೊಡುತ್ತದೆ. 2024ರ ಜುಲೈನಲ್ಲಿ ಹೀಗೆ ಹತ್ತು ಹಳ್ಳಿಗಳ ಜನರನ್ನು ಸ್ಥಳಾಂತರಿಸಲಾಯಿತು. ಪರಿಹಾರ ಸಾಲದು ಎಂಬ ಜಗಳ ಅಲ್ಲೂ ಉಂಟು, ಆದರೆ ಜಗಳವಾಡಲು ಎದುರಿಗೆ ಒಬ್ಬರು ಇದ್ದಾರೆ. ಡ್ರೋನಿಗೂ ಕ್ಷಿಪಣಿಗೂ ವ್ಯತ್ಯಾಸವಿದೆ, ಪ್ರತಿ ಹಾರಾಟಕ್ಕೂ ಹಳ್ಳಿ ಖಾಲಿ ಮಾಡಿಸಿ ಎಂದು ನಾವು ಹೇಳುತ್ತಿಲ್ಲ. ಮುಂಚಿತವಾಗಿ ಹೇಳುವ ಅಭ್ಯಾಸ ಬಂಗಾಳ ಕೊಲ್ಲಿಯ ದಂಡೆಯಲ್ಲಿ ಸಾಧ್ಯವಾದರೆ ನಾಯಕನಹಟ್ಟಿ ಹೋಬಳಿಯಲ್ಲೂ ಸಾಧ್ಯ ಎನ್ನುತ್ತಿದ್ದೇವೆ, ಅಷ್ಟೇ.

ಇಲ್ಲಿ ಹೇಳುವವರಿಗೆ ಒಂದು ಹಳೆಯ ಸಾಲ ತೀರಿಸುವುದಿದೆ. 2008ರಿಂದ 2010ರ ನಡುವೆ ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ಕೈ ಬದಲಾಯಿತು. ಡಿಆರ್‌ಡಿಒಗೆ 4,290 ಎಕರೆ, ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573, ಜೊತೆಗೆ ಒಂದು ಖಾಸಗಿ ಸೋಲಾರ್ ಕಂಪನಿಗೂ ಪಾಲು. ಮೈಸೂರು ಅರಸರ ಕಾಲದಿಂದ ದನ ಮೇಯುತ್ತಿದ್ದ, ಕುರಿಗಾರರು ಕಂಬಳಿ ಹಾಸುತ್ತಿದ್ದ ನೆಲ ಅದು. ಊರಿಗೆ ಸುದ್ದಿ ಮುಟ್ಟಿಸಿದ್ದು ಯಾವ ಅಧಿಕಾರಿಯೂ ಅಲ್ಲ, ಬೇಲಿಯ ಕಂಬ ಮತ್ತು ಗೋಡೆಯ ಕಲ್ಲು. ಗ್ರಾಮಸಭೆಯನ್ನು ಕೇಳಲೇ ಇಲ್ಲ ಎಂಬುದು ಹಳ್ಳಿಗರ ದೂರಾಗಿತ್ತು. ಚೆನ್ನೈನ ಹಸಿರು ನ್ಯಾಯಪೀಠದವರೆಗೂ ವ್ಯಾಜ್ಯ ಹೋಯಿತು, 2014ರ ಆಗಸ್ಟ್‌ನಲ್ಲಿ ಪೀಠ ಷರತ್ತುಗಳ ಮೇಲೆ ಯೋಜನೆಗಳಿಗೆ ದಾರಿ ಬಿಟ್ಟಿತು. ಪೀಠದ ಮಟ್ಟಿಗೆ ಅಲ್ಲಿಗೆ ಮುಗಿಯಿತು. ದನ ಹೊಡೆದುಕೊಂಡು ಹೋಗಿ ಗೋಡೆ ಕಂಡು ವಾಪಸ್ ಬಂದವನ ಮಟ್ಟಿಗೆ ಮುಗಿದಿಲ್ಲ.

ಹೇಳಬೇಕಾದವರು ಸುಮ್ಮನಿದ್ದರೆ ಇನ್ನಾರೋ ಹೇಳುತ್ತಾರೆ. 2015ರ ಡಿಸೆಂಬರ್‌ನಲ್ಲಿ ಅಮೆರಿಕದ ಫಾರಿನ್ ಪಾಲಿಸಿ ಪತ್ರಿಕೆ, ಚಳ್ಳಕೆರೆಯಲ್ಲಿ ರಹಸ್ಯ ಅಣುನಗರ ಏಳುತ್ತಿದೆ ಎಂದು ದೊಡ್ಡ ಲೇಖನ ಬರೆಯಿತು. ಅದರಲ್ಲಿ ಎಷ್ಟು ನಿಜ, ಎಷ್ಟು ಊಹೆ ಎಂಬ ಚರ್ಚೆ ಇಲ್ಲಿ ಬೇಡ. ಗೋಡೆಯ ಪಕ್ಕದ ಊರಿನವರಿಗೆ ತಮ್ಮ ಪಕ್ಕದ ಗೋಡೆಯೊಳಗಿನ ಸುದ್ದಿ ಸಮುದ್ರದಾಚೆಯಿಂದ ಬಂತಲ್ಲ, ಅದು ನಮಗೆ ಮುಖ್ಯ. ರಕ್ಷಣಾ ಸಂಸ್ಥೆಗಳು ಎಲ್ಲವನ್ನೂ ಹೇಳಲಾರವು, ಹೇಳಬೇಕೆಂದು ಯಾರೂ ಕೇಳುತ್ತಿಲ್ಲ. ಆದರೆ ‘ಇಷ್ಟು ಹೇಳಬಹುದು, ಇಷ್ಟನ್ನು ಹೇಳುವ ಹಾಗಿಲ್ಲ’ ಎಂದು ಎದುರು ಕೂತು ಹೇಳಿದರೂ ಹಳ್ಳಿಯ ಜನ ಒಪ್ಪುತ್ತಾರೆ. ಬಾಯಿ ಬಿಡದಿದ್ದರೆ, ಬೋರ್‌ವೆಲ್ ಬತ್ತಿದ್ದಕ್ಕೂ ಕುರಿ ಸತ್ತಿದ್ದಕ್ಕೂ ಆ ಗೋಡೆಯೇ ಕಾರಣವಾಗುತ್ತದೆ. ಹಾಗೆ ಅಪನಂಬಿಕೆ ಬೆಳೆದ ಊರಿಗೆ, ಮುಂದೊಂದು ದಿನ ನಿಜವಾದ ಅಪಾಯ ಬಂದಾಗ ‘ದೂರ ಹೋಗಿ’ ಎಂದರೆ ಯಾರು ಕೇಳುತ್ತಾರೆ? ನಾವು ಈಗಲೇ ಬರೆಯುತ್ತಿರುವುದು ಇದಕ್ಕೆ.

ಮಾತು ಹೇಗೆ ಮುಟ್ಟಬೇಕು ಎಂಬುದಕ್ಕೆ ಪಾಠ ಪಕ್ಕದ ಮೊಳಕಾಲ್ಮೂರಿನ ಬಂಡೆಗಳ ಮೇಲೆಯೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ: ಒಂದಕ್ಕೊಂದು ನಡೆದು ಹೋಗುವಷ್ಟು ಹತ್ತಿರದ ಮೂರು ಜಾಗ, ಮೂರರಲ್ಲೂ ಅಶೋಕನ ಅದೇ ಶಾಸನ. 1892ರಲ್ಲಿ ಬಿ.ಎಲ್. ರೈಸ್ ಇವುಗಳನ್ನು ಬೆಳಕಿಗೆ ತಂದರು. ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ, ಆದರೆ ಆ ಶಾಸನದ ಕ್ರಮವನ್ನು ಗಮನಿಸಿದವರು ಕಡಿಮೆ. ಸುವರ್ಣಗಿರಿಯಿಂದ ರಾಜಕುಮಾರ ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ಆಜ್ಞೆಗೆ ಮೊದಲು ಬರುವುದು ಕ್ಷೇಮಸಮಾಚಾರ: ಅವರ ಆರೋಗ್ಯ ವಿಚಾರಿಸಬೇಕು, ಆಮೇಲೆ ವಿಷಯ ಹೇಳಬೇಕು. ಹೇಳಿದ್ದಾದರೂ ಏನು? ತಂದೆ ತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆಯಿರಲಿ, ನಿಜ ನುಡಿಯಿರಿ, ಗುರುವನ್ನು ಗೌರವಿಸಿ. ಯಾರಿಗೂ ಅರ್ಥವಾಗದ್ದು ಇದರಲ್ಲಿ ಒಂದೂ ಇಲ್ಲ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ ಎಂದು. ಯಾರು ಹೇಳಿದರು, ಯಾರ ಮೂಲಕ ಬಂತು, ಯಾರು ಬರೆದರು, ಎಲ್ಲಕ್ಕೂ ಹೊಣೆಗಾರರಿದ್ದಾರೆ.

ಪ್ರಾಕೃತದಲ್ಲಿದ್ದ ಆ ಬರಹ ಇಲ್ಲಿನ ಜನಕ್ಕೆ ಎಲ್ಲಿ ಅರ್ಥವಾಗಿರಬೇಕು ಎಂದು ಕೇಳಬಹುದು. ಅಧಿಕಾರಿಗಳು ಬಾಯಲ್ಲಿ ಹೇಳಲಿ ಎಂದೇ ಅದನ್ನು ಕೆತ್ತಿಸಿದ್ದು. ಇಲ್ಲಿಂದ ಬಹಳ ದೂರವೇನಲ್ಲದ ಎರ್ರಗುಡಿಯ ಅಶೋಕನ ಶಾಸನದಲ್ಲಿ ಭೇರಿ ಬಾರಿಸಿ ನಾಡಿನ ಜನಕ್ಕೆ ಸಾರಬೇಕೆಂಬ ಅಪ್ಪಣೆಯೇ ಇದೆ. ನಮ್ಮ ಕಾಲದ ಪ್ರಕಟಣೆಯ ಸ್ಥಿತಿ ನೋಡಿ. ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿಗೆ ಹಾಳೆ ಅಂಟಿಸಿದರೆ ಪ್ರಚುರಪಡಿಸಿದಂತೆ, ಪಂಚಾಯಿತಿ ವಾಟ್ಸ್ಆ್ಯಪ್ ಗುಂಪಿಗೆ ಪಿಡಿಎಫ್ ಹಾಕಿದರೆ ಜಾಗೃತಿ ಮೂಡಿಸಿದಂತೆ. ಡಂಗುರ ಹೊಡೆಯುವ ತಳವಾರನಿಗೆ, ‘ಏನಪ್ಪಾ, ಯಾವತ್ತು? ಎಷ್ಟೊತ್ತಿಗೆ?’ ಎಂದು ಜಗಲಿಯ ಮೇಲಿನ ಅಜ್ಜಿ ಕೇಳಬಹುದಿತ್ತು. ಪಿಡಿಎಫ್‌ಗೆ ಕೇಳಲಾಗುವುದಿಲ್ಲ.

ಭಾಷೆಯ ಮಾತೂ ಇದೆ. ಮೊಳಕಾಲ್ಮೂರಿನಿಂದ ಆಂಧ್ರದ ರಾಯದುರ್ಗ ಕೂಗಳತೆ. ಈ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಓದು ಮತ್ತು ಕಚೇರಿ ಕನ್ನಡ. ಬೆಂಗಳೂರಿನಲ್ಲಿ ಇಂಗ್ಲಿಷಿನಿಂದ ಕನ್ನಡಿಸಿದ ‘ಮಾನವರಹಿತ ವೈಮಾನಿಕ ವಾಹನ ಅವಘಡ ಸಂಭವಿಸಿದಲ್ಲಿ’ ಎಂಬ ವಾಕ್ಯವನ್ನು ಚಿತ್ರದುರ್ಗದ ಪದವೀಧರನೇ ಎರಡು ಸಲ ಓದಬೇಕಾದೀತು. ಇನ್ನು ಬಿದ್ದ ಜಾಗಕ್ಕೆ ಮೊದಲು ತಲುಪುವವನು ಪದವೀಧರನೂ ಅಲ್ಲ, ವಾಟ್ಸ್ಆ್ಯಪ್ ಗುಂಪಿನ ಸದಸ್ಯನೂ ಅಲ್ಲ. ದೇವರ ಎತ್ತುಗಳ ಹಿಂದೆ ಇಡೀ ದಿನ ಬಯಲಲ್ಲಿರುವ ಕಿಲಾರಿ, ಕುರಿ ಕಾಯುವ ಹುಡುಗ, ಶೇಂಗಾ ಕಳೆ ತೆಗೆಯುತ್ತಿರುವ ಹೆಂಗಸರು. ಮಾತು ಮುಟ್ಟಬೇಕಾದ್ದು ಅವರಿಗೆ.

ಅವರಿಗೆ ಮುಟ್ಟಿಸುವ ದಾರಿಗಳು ಇಲ್ಲಿಯೇ ಇವೆ. ಮ್ಯಾಸನಾಯಕರಿಗೆ ಕಟ್ಟೆಮನೆಗಳಿವೆ, ಕಾಡುಗೊಲ್ಲರ ಹಟ್ಟಿಗಳಿಗೆ ಯಜಮಾನರು, ಪೂಜಾರಿಗಳಿದ್ದಾರೆ. ಅಲ್ಲಿ ಒಪ್ಪಿದ ಮಾತು ಸಂಜೆಯೊಳಗೆ ಪ್ರತಿ ಗುಡಿಸಲಿಗೆ ಹೋಗುತ್ತದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ, ಗೌರಸಮುದ್ರದ ಮಾರಮ್ಮನ ಜಾತ್ರೆಗಳಲ್ಲಿ ಕಳೆದುಹೋದ ಮಕ್ಕಳ ಹೆಸರು ಕೂಗುವ ಮೈಕಿನಲ್ಲಿ ಎಚ್ಚರಿಕೆಯ ನಾಲ್ಕು ಮಾತನ್ನೂ ಕೂಗಬಹುದು. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣ ವರ್ಷಗಳಿಂದ ಶಾಲಾ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಕಾವಲಿನ ಗೋಡೆಗಳ ನಡುವೆ ಹೊರಗಿನವರಿಗೆ ಬಾಗಿಲು ತೆರೆದಿಟ್ಟ ಒಳ್ಳೆಯ ಕೆಲಸ ಅದು. ಹಾಗೆ ತರಬೇತಿ ಪಡೆದ ಇಲ್ಲಿನ ಮೇಷ್ಟ್ರಿಗಿಂತ ಉತ್ತಮ ಮಧ್ಯವರ್ತಿ ಯಾರು? ಯಂತ್ರದ ಮಾತೂ ಅವರಿಗೆ ಗೊತ್ತು, ಹಟ್ಟಿಯ ಮಾತೂ ಗೊತ್ತು.

ಹೇಳಬೇಕಾದ್ದು ಚಿಕ್ಕದು. ಮೇಲೆ ಹಾರುವುದು ಪರೀಕ್ಷೆಯ ವಿಮಾನ, ಒಳಗೆ ಜನರಿರುವುದಿಲ್ಲ. ಬಿದ್ದರೆ ಹತ್ತಿರ ಹೋಗಬೇಡಿ, ದನಕರು ಮಕ್ಕಳನ್ನು ಗಾಳಿ ಬರುವ ದಿಕ್ಕಿಗೆ ದೂರ ಕರೆದೊಯ್ಯಿರಿ. ಏನನ್ನೂ ಮುಟ್ಟಬೇಡಿ, 112ಕ್ಕೆ ಫೋನ್ ಮಾಡಿ. ಬೆಳೆ ಹಾಳಾದರೆ ಪರಿಹಾರ ಯಾರು ಕೊಡುತ್ತಾರೆ, ಎಷ್ಟು ದಿನದಲ್ಲಿ ಎಂಬುದು ಕೊನೆಯ ಮಾತು. ಈ ಕೊನೆಯದನ್ನು ಬಿಟ್ಟು ಮೊದಲಿನವನ್ನಷ್ಟೇ ಹೇಳಿದರೆ ಜನ ಚೂರುಗಳನ್ನು ಪುರಾವೆಗೆಂದು ಮನೆಗೆ ಒಯ್ಯುತ್ತಾರೆ.

ಮುಂಗಾರಿನ ಶೇಂಗಾ ಬಿತ್ತನೆ ಶುರುವಾಗಿ ಜನ ಹೊಲಕ್ಕಿಳಿಯುವ ಮೊದಲು, ಜಿಲ್ಲಾಧಿಕಾರಿ ಮತ್ತು ಪರೀಕ್ಷಾ ವಲಯದ ಒಬ್ಬ ಹಿರಿಯ ಅಧಿಕಾರಿ ಒಟ್ಟಿಗೆ ದೊಡ್ಡ ಉಳ್ಳಾರ್ತಿಗೂ ಜೋಡಿ ಚಿಕ್ಕೇನಹಳ್ಳಿಗೂ ಹೋಗಲಿ. ಶಾಮಿಯಾನ, ಹಾರ, ವೇದಿಕೆ ಬೇಡ, ವೇದಿಕೆ ಹತ್ತಿದವರಿಗೆ ಕೆಳಗಿನವರ ಪ್ರಶ್ನೆ ಕೇಳಿಸುವುದಿಲ್ಲ. ಮೊದಲ ಅರ್ಧ ಗಂಟೆ ಊರಿನವರು ಮಾತಾಡಲಿ. ಹಳೆಯ ಬೇಲಿಯ ಸಿಟ್ಟೂ ಬರುತ್ತದೆ, ಬರಲಿ. ಅಲ್ಲೇ ಉತ್ತರವಿಲ್ಲದ ಪ್ರಶ್ನೆಗಳನ್ನು ಬರೆದುಕೊಂಡು, ಕೇಳಿದವರ ಹೆಸರಿನ ಮುಂದೆ ಗುರುತು ಹಾಕಿ, ತಿಂಗಳೊಳಗೆ ಅದೇ ಅಧಿಕಾರಿ ಅದೇ ಊರಿಗೆ ಬಂದು ಉತ್ತರ ಹೇಳಬೇಕು. ಕಿರಿಯ ಗುಮಾಸ್ತನನ್ನು ಕಳಿಸಿದರೆ ಆಗುವುದಿಲ್ಲ.